ಕರೆದು ಕೊಟ್ಟ ಕುರ್ಚಿ, ಗೆದ್ದು ಕೂತ ಕುರ್ಚಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳ ಕಡೆ ಮುಸ್ಲಿಮರ ಸಂಖ್ಯೆ ಕಡಿಮೆ. 2011ರ ಜನಗಣತಿಯಂತೆ ಇಡೀ ಮಂಡ್ಯ ಜಿಲ್ಲೆಯಲ್ಲೇ ನೂರಕ್ಕೆ ನಾಲ್ಕೈದು ಮಂದಿ. ಪಟ್ಟಣಗಳಲ್ಲಿ ಒಂದೆರಡು ಮೊಹಲ್ಲಾ, ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆ. ಇಷ್ಟು ಚದುರಿದ ಜನರಿಗೆ ಊರಿನ ಆಡಳಿತದಲ್ಲಿ ಪಾಲು ಸಿಕ್ಕಿದ್ದು ಹೇಗೆ? ಈ ಪ್ರಶ್ನೆಗೆ ನಮ್ಮ ಹುಡುಗರು 'ಒಂದು ಕಾಲಕ್ಕೆ ಇಲ್ಲಿ ನಮ್ಮದೇ ರಾಜ್ಯವಿತ್ತು' ಎಂದು ಎದೆಯುಬ್ಬಿಸುತ್ತಾರೆ. ಹೊರಗಿನವರು 'ಓಟಿಗಾಗಿ ನಿಮಗೆ ಎಲ್ಲವನ್ನೂ ಕೊಟ್ಟಿದ್ದಾರೆ' ಎಂದು ಮೂಗು ಮುರಿಯುತ್ತಾರೆ. ಇಬ್ಬರೂ ಇತಿಹಾಸದ ಪುಟಗಳನ್ನು ಸರಿಯಾಗಿ ತಿರುವಿ ಹಾಕಿಲ್ಲ.

ಮೊದಲು ಶ್ರೀರಂಗಪಟ್ಟಣದ ಮಾತು. ಹೈದರಾಲಿ ಮತ್ತು ಟಿಪ್ಪುವಿನ ಆಡಳಿತದಲ್ಲಿ ಎತ್ತರದ ಸ್ಥಾನದಲ್ಲಿದ್ದವರಲ್ಲಿ ಬ್ರಾಹ್ಮಣರಾದ ಪೂರ್ಣಯ್ಯ ಒಬ್ಬರು. ಅವರ ಸೈನ್ಯದಲ್ಲಿದ್ದ ಫ್ರೆಂಚರು ಬೀಡುಬಿಟ್ಟ ಜಾಗಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಂತು. ಅದೇ ಇಂದಿನ ಪಾಂಡವಪುರ. 1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಹುತಾತ್ಮನಾದ. ಅದೇ ಪೂರ್ಣಯ್ಯ ಒಡೆಯರ ದಿವಾನರಾಗಿ 1811ರವರೆಗೆ ರಾಜ್ಯ ನಡೆಸಿದರು. ಸುಲ್ತಾನನಿಗೆ ಬೇಕಾಗಿದ್ದು ಲೆಕ್ಕಪತ್ರ ಬಲ್ಲ, ಕೆಲಸ ಗೊತ್ತಿದ್ದ ಮನುಷ್ಯ. ಜಾತಿ ಅಡ್ಡ ಬರಲಿಲ್ಲ.

ಇದರ ಇನ್ನೊಂದು ಮುಖ ಮಿರ್ಜಾ ಇಸ್ಮಾಯಿಲ್. ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದ ಅಲಿ ಅಸ್ಕರ್ ಅವರ ಮೊಮ್ಮಗ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರವರೆಗೆ ಮೈಸೂರಿನ ದಿವಾನ. ಕನ್ನಂಬಾಡಿಯ ಬೃಂದಾವನ, 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಂಪನಿ ಅವರ ಕಾಲದವು. ಮೈಸೂರು ಜಿಲ್ಲೆಯ ತಾಲ್ಲೂಕುಗಳನ್ನು ಬೇರ್ಪಡಿಸಿ 1939ರಲ್ಲಿ ಮಂಡ್ಯ ಜಿಲ್ಲೆಯನ್ನು ಮಾಡಿದ್ದೂ ಅವರ ದಿವಾನಗಿರಿಯಲ್ಲೇ. ಮುಸ್ಲಿಂ ಅರಸನಿಗೆ ಹಿಂದೂ ಮಂತ್ರಿ, ಹಿಂದೂ ಅರಸನಿಗೆ ಮುಸ್ಲಿಂ ದಿವಾನ. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಎರಡೂ ಅರಸ ಕರೆದು ಕೊಟ್ಟ ಕುರ್ಚಿಗಳು. ಅರಮನೆಯಲ್ಲಿ ಮಿರ್ಜಾ ಕೂತರೆ ನಾಗಮಂಗಲದ ಸಾಬರ ಕೇರಿಗೆ ನಲ್ಲಿ ಬಂದೇ ಬರುತ್ತದೆ ಎನ್ನುವ ಭರವಸೆ ಏನೂ ಇರಲಿಲ್ಲ.

ಆ ಭರವಸೆಗಾಗಿ ನಡೆದ ಹೋರಾಟದ ಕಥೆ ಬೇರೆಯೇ ಇದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದಾಗ ಅದಕ್ಕೆ ಬಂದವರು 144 ಮಂದಿ, ಹೆಚ್ಚಿನವರು ಜಮೀನುದಾರರು ಮತ್ತು ವರ್ತಕರು. ಸರಕಾರಿ ನೌಕರಿಗಳಂತೂ ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದವು. ಇದನ್ನು ಪ್ರಶ್ನಿಸಲು 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಅದರಲ್ಲಿ ಒಟ್ಟಿಗೆ ಇದ್ದರು. ಅವರ ಮನವಿಗೆ ಓಗೊಟ್ಟು ನಾಲ್ವಡಿಯವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಎಚ್. ಚನ್ನಯ್ಯ, ಎಂ. ಬಸವಯ್ಯ ಅವರ ಜೊತೆಗೆ ಗುಲಾಂ ಅಹಮದ್ ಕಲಾಮಿಯವರೂ ಅದರ ಸದಸ್ಯರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕೆಂದು ಸಮಿತಿ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ನೀತಿ ಒಪ್ಪಿಗೆಯಾಗಲಿಲ್ಲ. ಅವರು ಹುದ್ದೆ ಬಿಟ್ಟರು. ನಾವು ಮರೆಯಬಾರದ ಮಾತು ಇದು: ಮುಸ್ಲಿಮರ ಪಾಲು ಇಲ್ಲಿ ಒಂಟಿಯಾಗಿ ಬಂದದ್ದಲ್ಲ, ಒಕ್ಕಲಿಗರ ಪಾಲಿನ ಜೊತೆ ಒಂದೇ ಅರ್ಜಿಯಲ್ಲಿ ಬಂದದ್ದು. ಇಂದು ಈ ನಾಲ್ಕು ತಾಲ್ಲೂಕುಗಳ ರಾಜಕೀಯದಲ್ಲಿ ಪ್ರಬಲರಾಗಿರುವ ಸಮುದಾಯ ಅಂದು ನಮ್ಮ ಪಕ್ಕದಲ್ಲಿ ನಿಂತು ಪಾಲು ಕೇಳಿದ ಸಮುದಾಯ.

ಊರಿನ ಮಟ್ಟಕ್ಕೆ ಅಧಿಕಾರ ಇಳಿದದ್ದು ಇನ್ನೂ ತಡವಾಗಿ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ಖಾತೆಯ ಸಚಿವರಾಗಿದ್ದಾಗ 1983ರ ಕಾಯ್ದೆ ರೂಪುಗೊಂಡಿತು. 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಾಯಿತು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. ದಲಿತರಿಗೆ, ಮಹಿಳೆಯರಿಗೆ, ಹಿಂದುಳಿದ ವರ್ಗಗಳಿಗೆ ಸದಸ್ಯ ಸ್ಥಾನವಷ್ಟೇ ಅಲ್ಲ, ಅಧ್ಯಕ್ಷರ ಕುರ್ಚಿಯಲ್ಲೂ ಸರದಿಯ ಪಾಲು ಸಿಕ್ಕಿತು. ಹಿಂದುಳಿದ ವರ್ಗ 'ಎ' ಗುಂಪಿನಲ್ಲಿ ಮುಸ್ಲಿಮರೂ ಸೇರಿದರು. ಈಗ ಕುರ್ಚಿಯನ್ನು ಯಾರೂ ಕರೆದು ಕೊಡುವುದಿಲ್ಲ. ನಿಯಮ ಬಾಗಿಲು ತೆರೆಯುತ್ತದೆ, ಒಳಗೆ ಹೋಗಲು ಮಾತ್ರ ಎಲ್ಲ ಜಾತಿಯವರ ಓಟು ಬೇಕು.

ನಿಯಮವೂ ಸೊರಗುತ್ತದೆ. 2018ರಲ್ಲಿ ಗೆದ್ದ ರಾಜ್ಯದ ಹಲವು ಪಟ್ಟಣಗಳ ಸದಸ್ಯರು ಅಧ್ಯಕ್ಷ ಮೀಸಲಾತಿಯ ವ್ಯಾಜ್ಯದಿಂದ ಎರಡು ವರ್ಷ ಸುಮ್ಮನೆ ಕಾದರು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಇದು ಸರಕಾರಗಳ ತಪ್ಪು. ನಮ್ಮ ತಪ್ಪೂ ಇದೆ. ಮಹಿಳಾ ಮೀಸಲಿನಲ್ಲಿ ಹೆಂಡತಿಯನ್ನು ನಿಲ್ಲಿಸಿ, ಗೆದ್ದ ಮೇಲೆ ಸಭೆಗೆ ತಾವೇ ಹೋಗುವ ಗಂಡಸರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಐದು ವರ್ಷ ಸದಸ್ಯರಾಗಿ ಖಬರಸ್ತಾನದ ಕಾಂಪೌಂಡೊಂದನ್ನು ಬಿಟ್ಟು ಬೇರೇನನ್ನೂ ಕೇಳದವರೂ ಇದ್ದಾರೆ.

2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ಗಲಭೆಯಾಯಿತು, ಅಂಗಡಿಗಳು ಸುಟ್ಟವು. ಇಂಥ ದಿನಗಳಲ್ಲಿ ಎಲ್ಲ ಊರುಗಳಲ್ಲೂ ಶಾಂತಿ ಸಭೆ ಕರೆಯುತ್ತಾರೆ, ನಮ್ಮ ಹಿರಿಯರನ್ನೂ ಕರೆಯುತ್ತಾರೆ. ಕರೆಸಿಕೊಂಡು ಹೋದವರು ಚಹಾ ಕುಡಿದು, ಹೇಳಿದ್ದಕ್ಕೆ ತಲೆಯಾಡಿಸಿ ಬರುತ್ತಾರೆ. ಗೆದ್ದು ಹೋದ ಸದಸ್ಯನಿಗೆ ಮಾತ್ರ ಪ್ರಶ್ನೆ ಕೇಳುವ ಹಕ್ಕಿರುತ್ತದೆ. ಬೇರೆ ಕೇರಿಯವರ ಓಟೂ ಪಡೆದಿರುವುದರಿಂದ ಎರಡೂ ಕಡೆ ಹೋಗಿ ಬುದ್ಧಿ ಹೇಳುವ ಬಾಯಿಯೂ ಇರುತ್ತದೆ. ಕುರ್ಚಿಯ ಬೆಲೆ ಗೊತ್ತಾಗುವುದು ಆ ದಿನ.

ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ತೋಡಿಸಿದ ಅವರನ್ನು ಜನ 'ನೀರ್ ಸಾಬ್' ಎಂದು ಕರೆದರು. ಆ ಬಾವಿಗಳ ಹತ್ತಿರ ಬಿಂದಿಗೆ ಹಿಡಿದು ನಿಂತವರಲ್ಲಿ ಎಲ್ಲ ಜಾತಿಯ ಹೆಣ್ಣುಮಕ್ಕಳಿದ್ದರು. ನಮ್ಮ ಪಾಲಿನ ಕುರ್ಚಿಯನ್ನು ನಾವು ಬಿಟ್ಟುಕೊಡಬೇಕಾಗಿಲ್ಲ. ಅದರಲ್ಲಿ ಕೂತವರು ಮೊದಲು ಇಡೀ ಊರಿನ ನೀರು ಕೇಳಲಿ.