ಚೆಕಾವನ ಸಾಕ್ಷ್ಯ: ಒಂದು ದೂರದರ್ಶನ ಕಥೆಯ ಅಸಂಗತಿಗಳನ್ನು ಕುರಿತು

೧

ಕಥೆಯೊಂದರಲ್ಲಿ ಪೂರ್ವೋತ್ತರ ವಿರೋಧ ಕಂಡುಬಂದಾಗ ಓದುಗನಿಗೆ ಎರಡು ದಾರಿಗಳಿವೆ. ಕರ್ತೃವು ಎಡವಿದನೆಂದು ಹೇಳಿ ಮುಂದಕ್ಕೆ ಸಾಗಬಹುದು. ಇಲ್ಲವೆ, ಪರಸ್ಪರ ವಿರುದ್ಧವಾಗಿ ತೋರುವ ಎರಡು ಮಾತುಗಳೂ ನಿಜವಾಗುವಂತಹ ಒಂದು ಸಂದರ್ಭವನ್ನು ಊಹಿಸಿ ಸಮನ್ವಯ ಮಾಡಬಹುದು. ಎರಡನೆಯ ದಾರಿಯು ನಮ್ಮ ವ್ಯಾಖ್ಯಾನಕಾರರಿಗೆ ಚಿರಪರಿಚಿತವಾದುದು. ಆಕ್ಷೇಪ, ಪೂರ್ವಪಕ್ಷ, ಸಮಾಧಾನ ಎಂಬ ಕ್ರಮದಲ್ಲಿ ನಡೆಯುವ ಈ ವ್ಯಾಪಾರವು ಶಾಸ್ತ್ರಗ್ರಂಥಗಳಿಗೆ ಮಾತ್ರ ಸಲ್ಲುವುದೆಂದು ಭಾವಿಸುವುದು ಸಹಜವೇ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಒಂದು ದೂರದರ್ಶನ ಮಾಲಿಕೆಯ ಅಭಿಮಾನಿಗಳು ಇದೇ ಕ್ರಮವನ್ನು ವಿಜ್ಞಾನಕಥೆಗೆ ಅನ್ವಯಿಸಿದರು. ಮಾಲಿಕೆಯ ಹೆಸರು ‘ಸ್ಟಾರ್ ಟ್ರೆಕ್’. ಅದರ ಒಂದೇ ಒಂದು ಕಂತನ್ನು ಆಧಾರವಾಗಿಟ್ಟುಕೊಂಡು, ಅಭಿಮಾನಿಗಳು ಕಥೆಯ ಬಿರುಕುಗಳನ್ನು ಹೇಗೆ ಕಂಡುಹಿಡಿದರು, ಹೇಗೆ ಮುಚ್ಚಿದರು, ಹಾಗೆ ಮುಚ್ಚಿದಾಗ ಮರೆಯಾದುದೇನು ಎಂಬ ಮೂರು ಪ್ರಶ್ನೆಗಳನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ವಿಷಯವು ಹಗುರವಾದುದೆಂದು ಕೆಲವರಿಗೆ ತೋರಬಹುದು. ಆದರೆ ಸಾಕ್ಷ್ಯವನ್ನು ತೂಗುವ ಅಭ್ಯಾಸವು ಎಲ್ಲಿ ಬೆಳೆದರೂ ಇತಿಹಾಸದ ವಿದ್ಯಾರ್ಥಿಗೆ ಅದು ಗಮನಾರ್ಹವೇ ಸರಿ.

೨

ಈ ಪದ್ಧತಿಗೆ ಒಂದು ಪೂರ್ವಪರಂಪರೆಯಿದೆ. ೧೯೧೧ರಲ್ಲಿ ಆಕ್ಸ್‌ಫರ್ಡಿನಲ್ಲಿ ರೊನಾಲ್ಡ್ ನಾಕ್ಸ್ ಎಂಬ ವಿದ್ವಾಂಸನು ಷರ್ಲಾಕ್ ಹೋಮ್ಸ್ ಕಥೆಗಳನ್ನು ಕುರಿತು ಒಂದು ಪ್ರಬಂಧವನ್ನೋದಿದನು. ಬೈಬಲ್ ಗ್ರಂಥದ ಪಾಠವಿಮರ್ಶಕರು ಬಳಸುತ್ತಿದ್ದ ವಿಧಾನಗಳನ್ನು ಪತ್ತೇದಾರಿ ಕಥೆಗಳಿಗೆ ಅನ್ವಯಿಸಿ, ಆ ವಿಮರ್ಶಕರನ್ನು ಹಾಸ್ಯಮಾಡುವುದು ಅವನ ಉದ್ದೇಶವಾಗಿತ್ತು. ಹಾಸ್ಯವು ಬಹುಬೇಗನೆ ಶಾಸ್ತ್ರವಾಗಿ ಪರಿಣಮಿಸಿತು. ೧೮೮೭ರ ಕಾದಂಬರಿಯಲ್ಲಿ ಡಾಕ್ಟರ್ ವಾಟ್ಸನ್ನನ ಯುದ್ಧದ ಗಾಯವು ಭುಜದಲ್ಲಿದೆ. ೧೮೯೦ರ ಕಾದಂಬರಿಯಲ್ಲಿ ಅದು ಕಾಲಿಗೆ ಇಳಿದಿದೆ. ಜಾನ್ ವಾಟ್ಸನ್ನನನ್ನು ಒಂದು ಕಥೆಯಲ್ಲಿ ಅವನ ಹೆಂಡತಿಯೇ ಜೇಮ್ಸ್ ಎಂದು ಕರೆಯುತ್ತಾಳೆ. ಅವನ ಹೆಸರಿನ ನಡುವಣ ‘ಎಚ್’ ಅಕ್ಷರವು ‘ಹೇಮಿಷ್’ ಎಂಬುದರ ಸಂಕ್ಷೇಪವೆಂದೂ, ಹೇಮಿಷ್ ಎಂಬುದು ಜೇಮ್ಸ್ ಎಂಬುದರ ಸ್ಕಾಟಿಷ್ ರೂಪವೆಂದೂ ಲೇಖಕಿ ಡೊರೊತಿ ಸೇಯರ್ಸ್ ಸಮಾಧಾನ ಹೇಳಿದಳು. ಕರ್ತೃವಾದ ಕಾನನ್ ಡಾಯ್ಲನಿಗೆ ಹಿಂದೆ ಬರೆದುದು ನೆನಪಿರಲಿಲ್ಲವೆಂಬ ಸರಳವಾದ ಉತ್ತರವನ್ನು ಈ ಆಟದಲ್ಲಿ ಯಾರೂ ಹೇಳಕೂಡದು. ಕಥೆಯು ಕಲ್ಪನೆಯಲ್ಲ, ದಾಖಲೆ ಎಂದು ತಿಳಿಯತಕ್ಕದ್ದು. ಇದು ಆಟದ ಮೊದಲ ನಿಯಮ.

೩

‘ಸ್ಟಾರ್ ಟ್ರೆಕ್’ ೧೯೬೬ರ ಸೆಪ್ಟೆಂಬರ್ ೮ರಂದು ಅಮೆರಿಕದ ಎನ್.ಬಿ.ಸಿ. ಜಾಲದಲ್ಲಿ ಆರಂಭವಾಗಿ ೧೯೬೯ರ ಜೂನ್ ತಿಂಗಳಲ್ಲಿ ಮುಗಿಯಿತು. ನಾವು ಆರಿಸಿಕೊಂಡಿರುವ ‘ಸ್ಪೇಸ್ ಸೀಡ್’ ಎಂಬ ಕಂತು ೧೯೬೭ರ ಫೆಬ್ರವರಿ ೧೬ರಂದು, ಎಂದರೆ ಮೊದಲನೆಯ ವರ್ಷದ ಪ್ರಸಾರದಲ್ಲಿ, ಬಂದಿತು. ಅದರ ಕಥೆ ಸಂಕ್ಷೇಪವಾಗಿ ಹೀಗಿದೆ: ಕ್ಯಾಪ್ಟನ್ ಕರ್ಕ್ ಎಂಬುವನ ಅಧೀನದಲ್ಲಿರುವ ಎಂಟರ್‌ಪ್ರೈಸ್ ನೌಕೆಗೆ ಆಕಾಶದಲ್ಲಿ ತೇಲುತ್ತಿರುವ ‘ಬಾಟನಿ ಬೇ’ ಎಂಬ ಪುರಾತನ ನೌಕೆ ಸಿಕ್ಕುತ್ತದೆ. ಅದರಲ್ಲಿ ದೀರ್ಘನಿದ್ರೆಯಲ್ಲಿರುವ ೭೨ ಮಂದಿಯ ನಾಯಕ ಖಾನ್ ನೂನಿಯನ್ ಸಿಂಗ್. ವಂಶಸಂಸ್ಕಾರದಿಂದ ಅತಿಮಾನುಷ ಶಕ್ತಿಯನ್ನು ಪಡೆದ ಇವನು ೧೯೯೨ರಿಂದ ೧೯೯೬ರವರೆಗೆ ಭೂಮಿಯ ಕಾಲುಭಾಗಕ್ಕೂ ಹೆಚ್ಚು ಪ್ರದೇಶವನ್ನಾಳಿದ ಸರ್ವಾಧಿಕಾರಿ. ಎಚ್ಚೆತ್ತ ಖಾನನು ನೌಕೆಯನ್ನು ವಶಪಡಿಸಿಕೊಳ್ಳಲು ಯತ್ನಿಸಿ ಸೋಲುತ್ತಾನೆ. ಕರ್ಕನು ಅವನನ್ನೂ ಅನುಚರರನ್ನೂ ಸೇಟಿ ಆಲ್ಫಾ ಎಂಬ ನಕ್ಷತ್ರದ ಐದನೆಯ ಗ್ರಹದಲ್ಲಿ ಬಿಟ್ಟುಹೋಗುತ್ತಾನೆ.

ಅಂದಿನ ಪ್ರೇಕ್ಷಕನು ಕಂತನ್ನು ತನಗೆ ಬೇಕೆಂದಾಗ ಮತ್ತೆ ನೋಡುವಂತಿರಲಿಲ್ಲ. ಮನೆಯಲ್ಲಿ ಮುದ್ರಿಸಿಕೊಳ್ಳುವ ವಿಡಿಯೊ ಯಂತ್ರಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ಸೂಕ್ಷ್ಮಪರಿಶೀಲನೆಗೆ ಅವಕಾಶ ಕಲ್ಪಿಸಿದುದು ಪುನಃಪ್ರಸಾರ. ೧೯೬೯ರ ಶರತ್ಕಾಲದಿಂದ ಸ್ಥಳೀಯ ನಿಲಯಗಳು ಹಳೆಯ ಕಂತುಗಳನ್ನು ಕೊಂಡು ಮತ್ತೆ ಮತ್ತೆ ಪ್ರಸಾರ ಮಾಡಿದವು. ಇದರೊಡನೆ ಅಭಿಮಾನಿಗಳು ತಾವೇ ಆಕರಗ್ರಂಥಗಳನ್ನು ಸಿದ್ಧಪಡಿಸಿದರು. ಡೊರೊತಿ ಜೋನ್ಸ್ ಆರಂಭಿಸಿದ ಸೂಚಿಯನ್ನು ಆಧರಿಸಿ ಬಿಜೊ ಟ್ರಿಂಬಲ್ ರಚಿಸಿದ ಪದಾನುಕ್ರಮಕೋಶವು ೧೯೬೯ರಲ್ಲಿ ಅಭಿಮಾನಿಗಳ ಖಾಸಗಿ ಪ್ರಕಟಣೆಯಾಗಿಯೂ ೧೯೭೬ರಲ್ಲಿ ಸಾರ್ವಜನಿಕ ಮುದ್ರಣವಾಗಿಯೂ ಹೊರಬಂದಿತು. ಪಾತ್ರ, ಗ್ರಹ, ಯಂತ್ರ ಮುಂತಾದುವನ್ನು ಅಕಾರಾದಿಯಾಗಿ ಜೋಡಿಸಿದ ಇಂತಹ ಸೂಚಿಯಿಲ್ಲದೆ ಎರಡು ಕಂತುಗಳ ನಡುವಣ ವಿರೋಧವನ್ನು ಖಚಿತವಾಗಿ ತೋರಿಸುವುದು ಕಷ್ಟ. ನೆನಪು ಮಾತ್ರವಿದ್ದಲ್ಲಿ ವಾದವಿರುತ್ತದೆ. ಸೂಚಿ ಬಂದ ಮೇಲೆ ಪ್ರಮಾಣ ಬರುತ್ತದೆ.

೪

೧೯೮೨ರ ಜೂನ್ ೪ರಂದು ‘ದಿ ರ‍್ಯಾತ್ ಆಫ್ ಖಾನ್’ ಎಂಬ ಚಲನಚಿತ್ರ ಬಿಡುಗಡೆಯಾಯಿತು. ನಿರ್ಮಾಪಕ ಹಾರ್ವ್ ಬೆನೆಟ್ ಹಳೆಯ ಕಂತುಗಳನ್ನೆಲ್ಲ ನೋಡಿ, ‘ಸ್ಪೇಸ್ ಸೀಡ್’ ಕಥೆಯ ಮುಂದುವರಿಕೆಯೇ ಚಿತ್ರಕ್ಕೆ ತಕ್ಕ ವಸ್ತುವೆಂದು ಆರಿಸಿದ್ದನು. ಚಿತ್ರದಲ್ಲಿ ಪಾವೆಲ್ ಚೆಕಾವ್ ಎಂಬ ಅಧಿಕಾರಿಯು ಮರಳುಗಾಡಾಗಿರುವ ಗ್ರಹಕ್ಕಿಳಿದು ‘ಬಾಟನಿ ಬೇ’ ಎಂಬ ಹೆಸರನ್ನು ಕಂಡು ಬೆಚ್ಚುತ್ತಾನೆ. ಖಾನನು ಇವನ ಮುಖವನ್ನು ಕಂಡೊಡನೆ ಗುರುತಿಸಿ ಹೆಸರು ಹಿಡಿದು ಕರೆಯುತ್ತಾನೆ. ಆದರೆ ಚೆಕಾವನ ಪಾತ್ರವು ಮಾಲಿಕೆಗೆ ಸೇರಿದುದು ಎರಡನೆಯ ವರ್ಷದಲ್ಲಿ. ಅವನು ಮೊದಲು ಕಾಣಿಸಿಕೊಂಡ ಕಂತು ಪ್ರಸಾರವಾದುದು ೧೯೬೭ರ ಸೆಪ್ಟೆಂಬರ್ ೧೫ರಂದು. ‘ಸ್ಪೇಸ್ ಸೀಡ್’ ಕಂತಿನಲ್ಲಿ ಅವನಿಲ್ಲ. ಹೀಗಿರುವಲ್ಲಿ ಇವರಿಬ್ಬರೂ ಒಬ್ಬರನ್ನೊಬ್ಬರು ಕಂಡುದು ಯಾವಾಗ?

ಆಕ್ಷೇಪವು ಬಲವಾದುದೆಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಬಂದ ಸಮಾಧಾನಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಮೌನವನ್ನು ಆಧರಿಸಿದುದು. ನೌಕೆಯಲ್ಲಿ ನಾನೂರಕ್ಕೂ ಹೆಚ್ಚು ಮಂದಿಯಿದ್ದರು. ತೆರೆಯ ಮೇಲೆ ಕಾಣದವನು ನೌಕೆಯಲ್ಲಿ ಇರಲಿಲ್ಲವೆಂದು ಹೇಳಲಾಗದು. ವಾಂಡಾ ಮೆಕಿಂಟೈರ್ ಬರೆದ ಚಿತ್ರದ ಕಾದಂಬರಿರೂಪದಲ್ಲಿ ಚೆಕಾವನು ಆಗ ರಾತ್ರಿಪಾಳಿಯ ಕಿರಿಯ ಅಧಿಕಾರಿಯಾಗಿದ್ದನೆಂದು ಹೇಳಿದೆ. ೨೦೦೫ರಲ್ಲಿ ಗ್ರೆಗ್ ಕಾಕ್ಸ್ ಬರೆದ ಕಾದಂಬರಿಯಲ್ಲಿ ಖಾನನನ್ನು ಗ್ರಹಕ್ಕೆ ಇಳಿಸಿದವರ ಜತೆಯಲ್ಲಿ ಚೆಕಾವನೂ ಇದ್ದನು.

ಎರಡನೆಯದು ಕಾಲಗಣನೆಯನ್ನು ಆಧರಿಸಿದುದು. ಜಾಣ್ಮೆಯಲ್ಲಿ ಇದೇ ಮೇಲು. ಮಾಲಿಕೆಯಲ್ಲಿ ದಿನಗಳನ್ನು ‘ಸ್ಟಾರ್‌ಡೇಟ್’ ಎಂಬ ಕಲ್ಪಿತ ಮಾನದಿಂದ ಎಣಿಸುತ್ತಾರೆ. ‘ಸ್ಪೇಸ್ ಸೀಡ್’ ನಡೆದುದು ೩೧೪೧.೯ರಲ್ಲಿ. ಎರಡನೆಯ ವರ್ಷದ ‘ಕ್ಯಾಟ್ಸ್‌ಪಾ’ ಎಂಬ ಕಂತಿನಲ್ಲಿ ಚೆಕಾವನಿದ್ದಾನೆ; ಅದರ ದಿನಾಂಕ ೩೦೧೮.೨. ಪ್ರಸಾರವು ಹಿಂದುಮುಂದಾದರೂ ಕಥೆಯ ಕಾಲದಲ್ಲಿ ಚೆಕಾವನು ಖಾನನಿಗಿಂತ ಮೊದಲೇ ನೌಕೆಯಲ್ಲಿದ್ದನೆಂದು ಇದರಿಂದ ಸಿದ್ಧವಾಗುತ್ತದೆ.

ಈ ವಾದವು ಮೇಲುನೋಟಕ್ಕೆ ಅಖಂಡನೀಯವಾಗಿ ತೋರುತ್ತದೆ. ಆದರೆ ಆಕರದ ಯೋಗ್ಯತೆಯನ್ನು ಪರೀಕ್ಷಿಸದೆ ಅದರ ಮಾತನ್ನು ಒಪ್ಪುವುದು ನ್ಯಾಯವಲ್ಲ. ಮಾಲಿಕೆಯ ಲೇಖಕರಿಗೆ ಕೊಟ್ಟಿದ್ದ ಮಾರ್ಗಸೂಚಿಯಲ್ಲಿ, ನಾಲ್ಕಂಕೆಯ ಯಾವುದಾದರೊಂದು ಸಂಖ್ಯೆಯನ್ನೂ ಒಂದು ದಶಮಾಂಶವನ್ನೂ ಆರಿಸಿಕೊಳ್ಳಬಹುದೆಂದಿತ್ತು. ಸಂಖ್ಯೆಗಳು ಕ್ರಮವಾಗಿ ಏರುವುದಿಲ್ಲವೇಕೆಂದು ಪ್ರೇಕ್ಷಕರು ಕೇಳಿದಾಗ, ಆ ಮಾನವು ನೌಕೆಯ ಸ್ಥಾನವನ್ನೂ ವೇಗವನ್ನೂ ಅವಲಂಬಿಸಿರುತ್ತದೆಂಬ ಉತ್ತರ ಬಂದಿತು. ೧೯೬೮ರಲ್ಲಿ ಪ್ರಕಟವಾದ ಮಾಲಿಕೆಯ ನಿರ್ಮಾಣವೃತ್ತಾಂತದಲ್ಲಿ ಈ ವಿವರಣೆಯಿದೆ. ಹೀಗೆ ಕಾಲಗಣನೆಯೇ ಒಂದು ಬಿರುಕಿಗೆ ಹಚ್ಚಿದ ಮಣ್ಣು. ಅದರ ಮೇಲೆ ಇನ್ನೊಂದು ಗೋಡೆಯನ್ನು ಕಟ್ಟುವುದು ಹೇಗೆ?

ಚಿತ್ರದ ನಿರ್ದೇಶಕ ನಿಕೊಲಸ್ ಮೇಯರನ ನಿಲುವು ಬೇರೆ. ಇದು ತಯಾರಕರ ಕಣ್ತಪ್ಪು. ಹೋಮ್ಸ್ ಕಥೆಗಳಲ್ಲಿ ಕಾನನ್ ಡಾಯ್ಲನೂ ಇಂಥವನ್ನು ಮಾಡಿದ್ದಾನೆ ಎಂಬುದು ಅವನ ಸಮರ್ಥನೆ. ಮೇಯರನು ೧೯೭೪ರಲ್ಲಿ ಹೋಮ್ಸನನ್ನು ನಾಯಕನನ್ನಾಗಿಸಿ ‘ದಿ ಸೆವೆನ್ ಪರ್ ಸೆಂಟ್ ಸಲ್ಯೂಷನ್’ ಎಂಬ ಕಾದಂಬರಿಯನ್ನು ಬರೆದವನು. ನಾಕ್ಸನ ಪರಂಪರೆಯೂ ‘ಸ್ಟಾರ್ ಟ್ರೆಕ್’ ಪರಂಪರೆಯೂ ಅವನಲ್ಲಿ ಕೂಡಿದುದು ಕುತೂಹಲಕರವಾಗಿದೆ.

ನಮಗೆ ಕಾಣುವುದಿಷ್ಟು: ಈ ಕಣ್ತಪ್ಪು ತಾನೇ ಒಂದು ಐತಿಹಾಸಿಕ ಸಾಕ್ಷ್ಯ. ೧೯೬೭ರ ಪ್ರೇಕ್ಷಕನಿಗೆ ಮೊದಲ ವರ್ಷ, ಎರಡನೆಯ ವರ್ಷ ಎಂಬ ಭೇದ ಸ್ಪಷ್ಟವಾಗಿತ್ತು. ಹದಿಮೂರು ವರ್ಷಗಳ ಪುನಃಪ್ರಸಾರವು ಈ ಭೇದವನ್ನು ಅಳಿಸಿಹಾಕಿತು. ಇಂದು ಚೆಕಾವನಿಲ್ಲದ ಕಂತು, ನಾಳೆ ಚೆಕಾವನಿರುವ ಕಂತು ಎಂಬಂತೆ ಕಂಡ ಮೇಲೆ ಅವನು ಎಂದೆಂದಿಗೂ ನೌಕೆಯಲ್ಲಿದ್ದವನೇ ಆಗಿಬಿಟ್ಟನು. ರಾತ್ರಿಪಾಳಿಯ ಸಮಾಧಾನವನ್ನು ಒಪ್ಪಿ ಸುಮ್ಮನಾದರೆ ದೂರದರ್ಶನವು ಜನರ ನೆನಪನ್ನು ಹೇಗೆ ಮಾರ್ಪಡಿಸಿತೆಂಬ ಈ ಸಂಗತಿ ನಮ್ಮ ಕೈತಪ್ಪುತ್ತದೆ.

ಇದೇ ಚಿತ್ರದ ಇನ್ನೊಂದು ಬಿರುಕನ್ನು ಹೆಸರಿಸಿ ಬಿಡಬಹುದು. ಆರನೆಯ ಗ್ರಹವು ಸಿಡಿದುದರಿಂದ ಐದನೆಯದರ ಕಕ್ಷೆ ಬದಲಾಯಿತೆಂದೂ, ಬಂದವರು ಐದನೆಯದನ್ನೇ ಆರನೆಯದೆಂದು ತಿಳಿದರೆಂದೂ ಚಿತ್ರದಲ್ಲಿ ಹೇಳಿದೆ. ನಕ್ಷತ್ರಗಳ ನಡುವೆ ಸಂಚರಿಸಬಲ್ಲವರಿಗೆ ಗ್ರಹಗಳನ್ನು ಎಣಿಸಲು ಬಾರದೆ ಎಂದು ಅಭಿಮಾನಿಗಳು ಕೇಳಿದುದು ನ್ಯಾಯವೇ.

೫

ಮೇಲಿನವು ಕಥೆಗೂ ಕಥೆಗೂ ನಡುವಣ ವಿರೋಧಗಳು. ಕಥೆಗೂ ಲೋಕಕ್ಕೂ ನಡುವಣ ವಿರೋಧವು ಇನ್ನೊಂದು ಬಗೆಯದು. ೧೯೬೭ರಲ್ಲಿ ೧೯೯೨ ಎಂಬುದು ದೂರದ ಭವಿಷ್ಯ. ಆದರೆ ೧೯೯೬ ಬಂದಿತು, ಹೋಯಿತು. ಖಾನನೂ ಬರಲಿಲ್ಲ, ಅವನ ಯುದ್ಧಗಳೂ ನಡೆಯಲಿಲ್ಲ. ಸಾಮಾನ್ಯ ಓದುಗನಿಗೆ ಇದು ತೊಡಕೇ ಅಲ್ಲ, ಏಕೆಂದರೆ ಕಥೆ ಕಥೆಯೇ. ಕಥೆಯನ್ನು ದಾಖಲೆಯೆಂದು ಭಾವಿಸಿದವನಿಗಾದರೋ ಇದು ಮೂಲಕ್ಕೇ ಬಿದ್ದ ಪೆಟ್ಟು. ೨೦೦೧ ಮತ್ತು ೨೦೦೨ರಲ್ಲಿ ಎರಡು ಸಂಪುಟಗಳಾಗಿ ಬಂದ ಕಾಕ್ಸನ ಕಾದಂಬರಿಯು, ಆ ಯುದ್ಧಗಳು ನಡೆದುವೆಂದೂ, ಆದರೆ ನಮಗೆ ಗೊತ್ತಿರುವ ಘಟನೆಗಳ ಮರೆಯಲ್ಲಿ ಗುಪ್ತವಾಗಿ ನಡೆದುವೆಂದೂ ಸಮನ್ವಯ ಮಾಡಿತು. ೨೦೨೩ರಲ್ಲಿ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಎಂಬ ಹೊಸ ಮಾಲಿಕೆಯ ಕಂತೊಂದು, ಭವಿಷ್ಯದಿಂದ ಬಂದವರು ಕಾಲಪ್ರವಾಹದಲ್ಲಿ ಕೈಯಾಡಿಸಿದ್ದರಿಂದ ಆ ಘಟನೆಗಳು ಮುಂದಕ್ಕೆ ಸರಿದುವೆಂದು ಹೇಳಿ, ಖಾನನನ್ನು ಇಪ್ಪತ್ತೊಂದನೆಯ ಶತಮಾನದ ಟೊರಾಂಟೊ ನಗರದಲ್ಲಿ ಬಾಲಕನಾಗಿ ತೋರಿಸಿತು. ಅಭಿಮಾನಿಗಳ ಆಕ್ಷೇಪವೇ ಈಗ ಕಥೆಯ ವಸ್ತುವಾಯಿತು. ಆರಂಭದಲ್ಲಿ ಸೃಷ್ಟಿಕರ್ತನೊಬ್ಬ, ಪರಿಶೀಲಕನೊಬ್ಬ ಎಂದು ಬೇರೆಬೇರೆಯಾಗಿದ್ದುದು ಐವತ್ತು ವರ್ಷಗಳಲ್ಲಿ ಒಂದರಲ್ಲೊಂದು ಬೆರೆತುಹೋಯಿತು.

ಇಂತಹ ದೋಷಗಳನ್ನು ವರ್ಗೀಕರಿಸುವ ಪ್ರಯತ್ನವೂ ನಡೆದಿದೆ. ಫಿಲ್ ಫೆರಾಂಡ್ ಎಂಬುವನು ೧೯೯೩ರಲ್ಲಿ ಮುಂದಿನ ಪೀಳಿಗೆಯ ಮಾಲಿಕೆಗೂ ೧೯೯೪ರಲ್ಲಿ ಮೂಲ ಮಾಲಿಕೆಗೂ ಒಂದೊಂದು ಕೈಪಿಡಿಯನ್ನು ಬರೆದು, ಕಥೆಯ ಲೋಪ, ಬದಲಾದ ಪೂರ್ವಸಂಗತಿ, ಯಂತ್ರೋಪಕರಣಗಳ ವೈಚಿತ್ರ್ಯ, ಚಿತ್ರೀಕರಣದ ದೋಷ ಎಂದು ವಿಂಗಡಿಸಿದನು. ವಿಂಗಡಣೆಯು ಉಪಯುಕ್ತವಾದುದೇ. ಆದರೆ ಅದರೊಳಗೆ ಹಿಡಿಸದ ಒಂದು ಅಸಂಗತಿಯನ್ನು ನಾವು ಮುಂದೆ ಎತ್ತಿಕೊಳ್ಳಬೇಕಾಗಿದೆ.

೬

ಎಂಟರ್‌ಪ್ರೈಸ್ ನೌಕೆಯಲ್ಲಿ ಮಾರ್ಲಾ ಮೆಕ್‌ಗಿವರ್ಸ್ ಎಂಬ ಇತಿಹಾಸಜ್ಞೆ ಇದ್ದಾಳೆ. ಮಲಗಿರುವ ಖಾನನ ಹೆಸರು ಇನ್ನೂ ತಿಳಿಯದಿರುವಾಗಲೇ, ಬರಿಯ ಮುಖವನ್ನು ನೋಡಿ, ಇವನು ಉತ್ತರಭಾರತದವನು, ಬಹುಶಃ ಸಿಖ್ಖನು ಎಂದು ಆಕೆ ನಿರ್ಣಯಿಸುತ್ತಾಳೆ. ಮುಂದೆ ಅವನಿಗೆ ರುಮಾಲು ಸುತ್ತಿ ಒಂದು ಚಿತ್ರವನ್ನೂ ಬರೆಯುತ್ತಾಳೆ. ಆದರೆ ಕಣ್ಣೆದುರಿಗಿರುವ ಖಾನನಿಗೆ ಗಡ್ಡವಿಲ್ಲ, ರುಮಾಲಿಲ್ಲ. ಕೇಶವನ್ನು ಕತ್ತರಿಸದಿರುವುದು ಸಿಖ್ಖರ ಆಚಾರದಲ್ಲಿ ಎಷ್ಟು ಮುಖ್ಯವೆಂಬುದನ್ನು ಭಾರತೀಯ ಓದುಗರಿಗೆ ವಿವರಿಸಬೇಕಾಗಿಲ್ಲ. ಖಾನ್, ಸಿಂಗ್ ಎಂಬ ಎರಡು ಹೆಸರುಗಳು ಒಬ್ಬನಲ್ಲಿ ಕೂಡಿದುದೂ ನಮಗೆ ಕೂಡಲೇ ಪ್ರಶ್ನೆಯಾಗಿ ತೋರುತ್ತದೆ. ಪ್ರತಿಯೊಬ್ಬ ಪರಿಶೀಲಕನೂ ತಾನು ಬಲ್ಲ ವಿಷಯದಲ್ಲಿಯೇ ಅಸಂಗತಿಯನ್ನು ಕಾಣುತ್ತಾನೆ. ಖಗೋಳವನ್ನು ಬಲ್ಲವನು ಗ್ರಹಗಳನ್ನೆಣಿಸುತ್ತಾನೆ. ಪಂಜಾಬನ್ನು ಬಲ್ಲವನು ಗಡ್ಡವನ್ನು ಹುಡುಕುತ್ತಾನೆ.

ಈ ಪಾತ್ರವನ್ನು ೧೯೬೭ರಲ್ಲಿಯೂ ೧೯೮೨ರಲ್ಲಿಯೂ ವಹಿಸಿದವನು ಮೆಕ್ಸಿಕೊ ದೇಶದಲ್ಲಿ ಹುಟ್ಟಿದ ನಟ ರಿಕಾರ್ಡೊ ಮಾಂಟಲ್ಬಾನ್. ೨೦೧೩ರ ಚಿತ್ರದಲ್ಲಿ ಅದೇ ಪಾತ್ರವನ್ನು ಇಂಗ್ಲೆಂಡಿನ ಬೆನೆಡಿಕ್ಟ್ ಕಂಬರ್‌ಬ್ಯಾಚ್ ವಹಿಸಿದನು. ಭಾರತೀಯ ಮೂಲದವನೆಂದು ಹೇಳಿದ ಪಾತ್ರವು ಬಿಳಿಯ ನಟನ ಪಾಲಾದುದೇಕೆಂದು ಆಗ ಹಲವರು ಆಕ್ಷೇಪಿಸಿದರು. ಅನಂತರ ಬಂದ ಚಿತ್ರಕಥಾಪುಸ್ತಕವೊಂದು ಇದಕ್ಕೂ ಸಮಾಧಾನವನ್ನೊದಗಿಸಿತು: ಶಸ್ತ್ರಚಿಕಿತ್ಸೆಯಿಂದ ಖಾನನ ಮುಖವನ್ನು ಬದಲಾಯಿಸಿದ್ದರಂತೆ!

ಸಮನ್ವಯಪದ್ಧತಿಯ ಅಪಾಯವು ಇಲ್ಲಿ ಬಯಲಾಗುತ್ತದೆ. ಚೆಕಾವನ ವಿಷಯದಲ್ಲಿ ಸಮಾಧಾನವು ಒಂದು ನಿರಪಾಯವಾದ ವಿನೋದ. ಇಲ್ಲಿಯಾದರೋ ಅದು ಒಂದು ನಿಜವಾದ ಪ್ರಶ್ನೆಯನ್ನು ಮುಚ್ಚುತ್ತದೆ. ಆಕ್ಷೇಪವಿದ್ದುದು ಖಾನನ ಮುಖದ ಮೇಲಲ್ಲ. ನಟರನ್ನು ಆರಿಸಿದವರ ಮೇಲೆ. ಕಥೆಯ ಹೊರಗಿನ ಪ್ರಶ್ನೆಗೆ ಕಥೆಯ ಒಳಗಿನಿಂದ ಉತ್ತರ ಕೊಟ್ಟರೆ ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಾರೆ.

೭

ಇತಿಹಾಸಕಾರರಾದ ನಾವು ಇದನ್ನು ದೂರದಿಂದ ನೋಡಿ ನಗುವಂತಿಲ್ಲ. ಎರಡು ಶಾಸನಗಳ ತೇದಿಗಳು ಹೊಂದದಿದ್ದಾಗ ನಡುವೆ ಅದೇ ಹೆಸರಿನ ಇನ್ನೊಬ್ಬ ಅರಸನನ್ನು ಕಲ್ಪಿಸಿ ವಂಶಾವಳಿಯನ್ನು ಸರಿಪಡಿಸುವ ಆಸೆಯು ನಮ್ಮನ್ನೂ ಕಾಡುವಂಥದೇ. ಅಂತಹ ಅರಸನು ಕೆಲವು ಸಲ ನಿಜವಾಗಿಯೂ ಇದ್ದಾನು. ಕೆಲವು ಸಲ ಅವನು ರಾತ್ರಿಪಾಳಿಯ ಚೆಕಾವನ ಸೋದರನಾದಾನು. ಕಂಡರಿಸಿದವನ ತಪ್ಪೋ, ದಾನವನ್ನು ಪಡೆದವನ ಸ್ವಾರ್ಥವೋ, ಮುಂದಿನ ಕಾಲದ ಕೂಟರಚನೆಯೋ ಆ ವಿರೋಧಕ್ಕೆ ಕಾರಣವಾಗಿರಬಹುದು. ಸಮನ್ವಯವು ಬೇಗ ಬಂದಷ್ಟೂ ಈ ಕಾರಣಗಳು ಮರೆಯಾಗುತ್ತವೆ.

ಆದಕಾರಣ ಅಭಿಮಾನಿಗಳಿಂದ ಕಲಿಯತಕ್ಕುದೂ ಇದೆ, ಬಿಡತಕ್ಕುದೂ ಇದೆ. ಸೂಚಿಗಳನ್ನು ಸಿದ್ಧಪಡಿಸುವ ಅವರ ತಾಳ್ಮೆ, ಸಣ್ಣ ವಿವರವನ್ನೂ ಅಲಕ್ಷಿಸದ ಅವರ ಕಣ್ಣು, ಕರ್ತೃವಿನ ಅಧಿಕಾರಕ್ಕೆ ಅಂಜದೆ ಪ್ರಶ್ನಿಸುವ ಧೈರ್ಯ ಇವು ಯಾವ ವಿದ್ಯಾರ್ಥಿಗಾದರೂ ಭೂಷಣವೇ. ವಿರೋಧವನ್ನು ಕಂಡೊಡನೆ ಅದನ್ನು ತುಂಬಿಬಿಡಬೇಕೆಂಬ ತವಕವನ್ನು ಮಾತ್ರ ನಾವು ತಡೆದುಕೊಳ್ಳಬೇಕು. ಬಿರುಕು ಎಲ್ಲಿದೆ, ಯಾವಾಗ ಬಿದ್ದಿತು, ಯಾರ ಕೈಯಿಂದ ಬಿದ್ದಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಅದನ್ನು ಮುಚ್ಚುವುದೋ ಬಿಡುವುದೋ ಎಂಬುದನ್ನು ಯೋಚಿಸಲು ಬೇಕಾದಷ್ಟು ಕಾಲವಿರುತ್ತದೆ.