ಪತನವಿದ್ಯೆಯ ಪೂರ್ವಕಥೆ

ವಿಮಾನದಿಂದ ಮೊದಲ ಸಲ ಧುಮುಕಲಿರುವವನ ಮನಸ್ಸನ್ನು ಕಾಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಬೀಳುವಾಗ ತನಗೆ ಎಚ್ಚರವಿರುವುದೆ? ಈ ಸಂಶಯ ಹಳೆಯದು. ತಡೆಯಿಲ್ಲದೆ ಬೀಳುವ ಮನುಷ್ಯನು ಮೂರ್ಛೆಹೋಗುವನೆಂದೂ, ಅವನ ಕೈ ಅವನ ವಶದಲ್ಲಿರದೆಂದೂ 1919ರ ವರೆಗೆ ತಿಳಿದವರಲ್ಲಿಯೇ ಅನೇಕರು ನಂಬಿದ್ದರು.

ಪ್ಯಾರಾಚೂಟ್ ಎಂಬ ಹೆಸರನ್ನಿಟ್ಟವನು ಫ್ರಾನ್ಸಿನ ಲೆನಾರ್ಮಂಡ್. ಬೀಳುವಿಕೆಯಿಂದ ಕಾಯುವುದು ಎಂದು ಅದರ ಅರ್ಥ. ಬಿಸಿಲಿನಿಂದ ಕಾಯುವ ಕೊಡೆಯನ್ನು ನಮ್ಮವರು ಆತಪತ್ರವೆಂದಂತೆ ಇದನ್ನು ಪತನತ್ರವೆಂದರೆ ವೈಯಾಕರಣರು ಮುನಿಯಲಾರರು. 1797ನೆಯ ಅಕ್ಟೋಬರ್ 22ರಂದು ಗಾರ್ನರಿನ್ ಎಂಬಾತನು ಪ್ಯಾರಿಸ್ ನಗರದ ಮೇಲೆ ಬೆಲೂನಿನಿಂದ ರೇಷ್ಮೆಯ ಕೊಡೆಯಲ್ಲಿ ಇಳಿದನು. ಆ ಕೊಡೆಯ ನೆತ್ತಿಯಲ್ಲಿ ರಂಧ್ರವಿರಲಿಲ್ಲ. ಒಳಗೆ ಸಿಕ್ಕಿದ ಗಾಳಿಯು ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಗ್ಗಲು, ಅವನ ಬುಟ್ಟಿ ಭಯಂಕರವಾಗಿ ತೂಗಾಡಿತು. ಅನಂತರ ನೆತ್ತಿಯಲ್ಲಿ ರಂಧ್ರವಿಡುವ ಪದ್ಧತಿ ಬಂದಿತು. ಲಂಡನ್ನಿನ ಕಾಕಿಂಗನು ಆ ತೂಗಾಟವನ್ನೇ ತಪ್ಪಿಸುವೆನೆಂದು ಕೊಡೆಯನ್ನು ತಲೆಕೆಳಗು ಮಾಡಿದನು. ಅದರ ಸ್ವಂತ ಭಾರವನ್ನು ಲೆಕ್ಕಕ್ಕೆ ತರಲು ಮರೆತನು. 1837ನೆಯ ಜುಲೈ 24ರಂದು ಕೊಡೆ ಮುರಿದು ಆ ಅರುವತ್ತೊಂದರ ವೃದ್ಧನು ಪ್ರಾಣವನ್ನೇ ತೆತ್ತನು.

ಆಮೇಲೆ ಬಹುಕಾಲ, ಬೆಲೂನಿಗೋ ವಿಮಾನಕ್ಕೋ ಕಟ್ಟಿದ ಹಗ್ಗವೇ ಕೊಡೆಯನ್ನು ಬಿಚ್ಚುತ್ತಿದ್ದಿತು. ಬೀಳುವವನ ಕೈಯನ್ನು ಯಾರೂ ನೆಚ್ಚಲಿಲ್ಲ. ಈ ಅಪನಂಬಿಕೆಯನ್ನು ಮುರಿದವನು ಲೆಸ್ಲಿ ಇರ್ವಿನ್. 1919ನೆಯ ಏಪ್ರಿಲ್ 28ರಂದು ಅಮೆರಿಕದ ಡೇಟನ್ ಊರಿನ ಮೆಕ್ಕುಕ್ ಮೈದಾನದ ಮೇಲೆ ಅವನು ವಿಮಾನದಿಂದ ಹೊರಬಿದ್ದು, ಸ್ವಲ್ಪ ದೂರ ಬರಿದೇ ಬಿದ್ದು, ತನ್ನ ಕೈಯಿಂದಲೇ ಎಳೆದಾರವನ್ನೆಳೆದನು, ಕೊಡೆ ಅರಳಿತು. ಮೂರ್ಛೆಯೂ ಇಲ್ಲ, ಮರವೆಯೂ ಇಲ್ಲ. ಆದರೆ ನೆಲಕ್ಕೆ ತಾಗುವಾಗ ಅವನ ಪಾದದ ಗಂಟು ಮುರಿಯಿತು. ಆಕಾಶವು ನೋಯಿಸದೆ ಬಿಟ್ಟವನನ್ನು ಭೂಮಿ ನೋಯಿಸಿತು.

ಎಚ್ಚರವಿದ್ದ ಮಾತ್ರಕ್ಕೆ ಕೈ ಸರಿಯಾದ ಕಡೆಗೇ ಹೋಗುವುದೆಂದಲ್ಲ. 1922ನೆಯ ಅಕ್ಟೋಬರ್ 20ರಂದು ಅದೇ ಡೇಟನ್ನಿನ ಮೇಲೆ ಹ್ಯಾರಿಸ್ ಎಂಬ ಸೇನಾವೈಮಾನಿಕನ ವಿಮಾನವು ಗಾಳಿಯಲ್ಲಿಯೇ ಕಿತ್ತುಹೋಗಲು ಅವನು ಧುಮುಕಬೇಕಾಯಿತು. ಬೀಳುತ್ತ ಅವನು ಎಳೆದಾರವೆಂದು ಭ್ರಮಿಸಿ ಕಾಲುಪಟ್ಟಿಯ ಕೊಂಡಿಯನ್ನೇ ಮತ್ತೆ ಮತ್ತೆ ಎಳೆದನು! ಕಡೆಗೆ ನಿಜವಾದ ಹಿಡಿ ಕೈಗೆ ಸಿಕ್ಕಿ, ಒಂದು ಮನೆಯ ಹಿತ್ತಿಲಿನ ದ್ರಾಕ್ಷಿಯ ಚಪ್ಪರದ ಮೇಲಿಳಿದು ಬದುಕಿದನು. ಇಂದು ಕಲಿಯುವವರಿಂದ ನೆಲದ ಮೇಲೆಯೇ ಹಿಡಿಯನ್ನು ನೋಡಿ, ಮುಟ್ಟಿ, ಎಳೆಯುವುದನ್ನು ಬೇಸರ ಬರುವಷ್ಟು ಸಲ ಮಾಡಿಸುತ್ತಾರೆ. ಬೇಸರಪಡುವ ಶಿಷ್ಯನು ಹ್ಯಾರಿಸನನ್ನು ನೆನೆಯಬೇಕು.

ವೇಗದ ಭಯಕ್ಕೂ ಒಂದು ಸಮಾಧಾನವಿದೆ. ಮೊದಲ ಪತನಕ್ಕೆ ಗುರುತ್ವವೂ ಮುಂದಿನದಕ್ಕೆ ವೇಗವೂ ಕಾರಣವೆಂದು ತಾರ್ಕಿಕರು ಹೇಳುವರು. ಆದರೆ ಗಾಳಿಯ ತಡೆಯಿಂದ ಆ ವೇಗವು ಕೊನೆಯಿಲ್ಲದೆ ಬೆಳೆಯದು. ಹೊಟ್ಟೆಯಡಿಯಾಗಿ ಚಾಚಿಕೊಂಡು ಬೀಳುವ ದೇಹವು ಸುಮಾರು 12 ಸೆಕೆಂಡುಗಳಲ್ಲಿ ಗಂಟೆಗೆ 190 ಕಿಲೋಮೀಟರಿನಷ್ಟು ವೇಗವನ್ನು ಪಡೆದು, ಅಲ್ಲಿಗೆ ನಿಲ್ಲುತ್ತದೆ. ಆಗ ಬೀಳುತ್ತಿರುವೆನೆನ್ನುವುದಕ್ಕಿಂತ ಬಿರುಗಾಳಿಯ ಮೇಲೆ ಒರಗಿರುವೆನೆಂಬ ಭಾವವೇ ಹೆಚ್ಚು.

ಈಗಿನ ಹೊಸಬರಲ್ಲಿ ಹಲವರು ಶಿಕ್ಷಕನ ಎದೆಗೆ ಬೆನ್ನನ್ನು ಬಿಗಿದುಕೊಂಡೇ ಮೊದಲ ಸಲ ಧುಮುಕುವರು. ಕೊಡೆಯನ್ನು ಬಿಚ್ಚುವ ಹೊಣೆ ಶಿಕ್ಷಕನದು. ಚೀಲದಲ್ಲಿ ಎರಡನೆಯ ಕೊಡೆಯೊಂದಿರುವುದು. ಆದರೆ ಕಾಲುಗಳು ಮಾತ್ರ ಶಿಷ್ಯನವೇ. ನೆಲ ಸಮೀಪಿಸಿದಾಗ ಅದನ್ನು ಎಟಕಿಸಿಕೊಳ್ಳಲು ಕಾಲು ತಾನಾಗಿ ಕೆಳಕ್ಕೆ ಚಾಚುವುದು. ಹಾಗೆ ಚಾಚದೆ, ಶಿಕ್ಷಕನ ಅಪ್ಪಣೆಯಾದೊಡನೆ ಎರಡು ಕಾಲುಗಳನ್ನೂ ಜೋಡಿಸಿ ಮುಂದಕ್ಕೆತ್ತಬೇಕು. ಒಬ್ಬನೇ ದುಂಡುಕೊಡೆಯಲ್ಲಿ ಇಳಿಯುವವನಾದರೋ ಪಾದಗಳನ್ನು ಜೋಡಿಸಿ, ಮಂಡಿಯನ್ನು ತುಸು ಮಡಿಸಿ, ತಾಗಿದ ಕ್ಷಣವೇ ಪಕ್ಕಕ್ಕೆ ಉರುಳಬೇಕು.