ಕಂದು ಕಾಗದದ ಸಾಕ್ಷಿ

ಮುಂಬಯಿಯ ಫೋರ್ಟ್ ಭಾಗದಲ್ಲಿ ಓಡಾಡುವ ನಮಗೆ ಲಯನ್ ಗೇಟ್ ಚಿರಪರಿಚಿತ. ಅದರಾಚೆಯ ನೌಕಾಂಗಣಕ್ಕೂ, 1736ರಲ್ಲಿ ಸೂರತ್ತಿನಿಂದ ಇಲ್ಲಿಗೆ ಬಂದ ಲವಜಿ ನಸರವಾನಜಿ ವಾಡಿಯಾ ಅವರ ಮನೆತನಕ್ಕೂ ಇರುವ ನಂಟು ಹಳೆಯದು. 1750ರ ಹೊತ್ತಿಗೆ ಅಲ್ಲಿ ಡ್ರೈ ಡಾಕ್ ಸಿದ್ಧವಾಯಿತು. ಹಡಗನ್ನು ಅದರೊಳಗೆ ತಂದು, ಬಾಗಿಲು ಮುಚ್ಚಿ, ನೀರನ್ನು ಹೊರಹಾಕಿದರೆ ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದ ತಳಭಾಗ ಬಯಲಾಗುತ್ತದೆ. ಕಡಲು ಒಳಗೊಳಗೇ ಏನು ಮಾಡಿದೆ ಎಂಬುದು ಆಗ ತಿಳಿಯುತ್ತದೆ. ಇಂಗ್ಲೆಂಡಿನ ವೂಲಿಚ್ ನೌಕಾಂಗಣದಲ್ಲಿ 1763ರಲ್ಲಿ ಹೀಗೆ ಬಯಲಾದ ಒಂದು ಹಡಗಿನ ಕಥೆಯನ್ನು ಇಲ್ಲಿ ಹೇಳಬೇಕೆನಿಸಿದೆ.

ಆ ಹಡಗಿನ ಹೆಸರು ಅಲಾರ್ಮ್. 32 ತೋಪುಗಳ ಯುದ್ಧನೌಕೆ. ಉಷ್ಣವಲಯದ ಕಡಲಿನಲ್ಲಿ ಮರವನ್ನು ಕೊರೆದು ಜಾಳುಮಾಡುವ ಹಡಗುಹುಳುವಿನ ಕಾಟ ಆ ಕಾಲದ ಎಲ್ಲ ನೌಕಾಪಡೆಗಳನ್ನೂ ಕಾಡುತ್ತಿತ್ತು. ಅದರಿಂದ ಪಾರಾಗಲು 1761ರಲ್ಲಿ ಅಲಾರ್ಮ್ ನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್‌ಗೆ ಕಳುಹಿಸಲಾಯಿತು. ಹಿಂದಿರುಗಿದಾಗ ಪರೀಕ್ಷಿಸಿದವರಿಗೆ ಸಂತೋಷವೂ ಗಾಬರಿಯೂ ಒಟ್ಟಿಗೆ ಕಾದಿದ್ದವು. ತಗಡಿನಡಿಯ ಮರಕ್ಕೆ ಹುಳು ತಾಗಿರಲಿಲ್ಲ. ಆದರೆ ತಗಡನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಅನೇಕ ಕಡೆ ತುಕ್ಕಿನ ಮುದ್ದೆಯಾಗಿದ್ದವು.

ಅತ್ಯಂತ ಕಳವಳದ ಸಂಗತಿ ಚುಕ್ಕಾಣಿಯದು. ಹಾಯಿಹಡಗಿನ ಚುಕ್ಕಾಣಿಯನ್ನು ಹಿಂಬದಿಯ ಕಂಬಕ್ಕೆ ಬಾಗಿಲಿನಂತೆ ತೂಗುಹಾಕಿರುತ್ತಾರೆ. ಚುಕ್ಕಾಣಿಯ ಅಂಚಿನಲ್ಲಿ ಕೆಳಮುಖವಾದ ದಪ್ಪ ಗೂಟಗಳು. ಕಂಬದಲ್ಲಿ ಆ ಗೂಟಗಳು ಇಳಿದು ಕೂರುವ ಬಳೆಗಳು. ಅಲಾರ್ಮ್ ನೌಕೆಯಲ್ಲಿ ಇವೆರಡೂ ಕಬ್ಬಿಣದವು, ಸುತ್ತಲೂ ತಾಮ್ರ. ಅವು ಎಷ್ಟು ಸವೆದಿದ್ದವೆಂದರೆ ಇನ್ನು ಹೆಚ್ಚು ತಿಂಗಳು ಬಾಳುವಂತಿರಲಿಲ್ಲ. ತೆರೆದ ಕಡಲಿನಲ್ಲಿ ಆ ಗೂಟಗಳು ಮುರಿದಿದ್ದರೆ, ಹುಳು ತಿನ್ನದ ಆ ಸುಭದ್ರ ಹಡಗು ದಿಕ್ಕಿಲ್ಲದೆ ತೇಲುವ ಮರದ ರಾಶಿಯಷ್ಟೇ ಆಗುತ್ತಿತ್ತು.

ಅದೇ ಹಡಗಿನಲ್ಲಿ ಇನ್ನೊಂದು ವಿಚಿತ್ರ ಕಂಡುಬಂತು. ಕೆಲವು ಮೊಳೆಗಳು ಹೊಸದಾಗಿ ಹೊಡೆದಂತೆಯೇ ಇದ್ದವು. ಅವುಗಳ ಸುತ್ತ, ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ, ಕಂದು ಕಾಗದದ ತುಂಡುಗಳು ಸಿಕ್ಕಿಕೊಂಡಿದ್ದವು. ತಗಡುಗಳನ್ನು ಸುತ್ತಿ ತಂದ ಕಾಗದವನ್ನು ಕೆಲಸಗಾರರು ಎಲ್ಲೆಡೆಯೂ ಕಿತ್ತುಹಾಕಿರಲಿಲ್ಲ. ಅವರ ಆ ಅಲಕ್ಷ್ಯವೇ ಸಾಕ್ಷಿಯಾಯಿತು. ಕಬ್ಬಿಣ, ತಾಮ್ರ ಎರಡೂ ಬಿಡಿಬಿಡಿಯಾಗಿ ನಿರಪರಾಧಿಗಳು. ಉಪ್ಪುನೀರಿನಲ್ಲಿ ಅವು ಒಂದನ್ನೊಂದು ಮುಟ್ಟಿದಾಗ ಕಬ್ಬಿಣ ಬಲುಬೇಗ ಕರಗುತ್ತದೆ. ವೋಲ್ಟಾ ತನ್ನ ವಿದ್ಯುತ್ ಕೋಶವನ್ನು ಜಗತ್ತಿಗೆ ತಿಳಿಸಿದ್ದು 1800ರಲ್ಲಿ. ಅದಕ್ಕೆ ಮೂವತ್ತೇಳು ವರ್ಷ ಮೊದಲೇ, ಕಾರಣ ತಿಳಿಯದಿದ್ದರೂ, ವೂಲಿಚ್‌ನವರು ನಿಯಮವನ್ನು ಸರಿಯಾಗಿ ಬರೆದಿಟ್ಟರು: ಈ ಎರಡು ಲೋಹಗಳು ಎಲ್ಲಿಯೂ ತಾಗಬಾರದು.

ಬರೆದಿಟ್ಟದ್ದನ್ನು ಅರ್ಧ ಮಾತ್ರ ಓದುವುದು ಮನುಷ್ಯನ ಹಳೆಯ ಚಾಳಿ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ, 1779ರಿಂದೀಚೆಗೆ, ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳಿಗೆಲ್ಲ ಭರದಿಂದ ತಾಮ್ರ ಹೊದಿಸಿತು. ತಳ ಶುದ್ಧವಾಗಿದ್ದ ಹಡಗುಗಳು ವೇಗವಾಗಿ ಓಡಿದವು. ಎಲ್ಲರಿಗೂ ತಾಮ್ರ ಒಳ್ಳೆಯದೆಂಬ ಪಾಠ ನೆನಪಾಯಿತು. ಆದರೆ ಮರದ ಒಡಲನ್ನು ಬಿಗಿದಿದ್ದ ಕಬ್ಬಿಣದ ಬೋಲ್ಟುಗಳು ಹಾಗೆಯೇ ಉಳಿದವು. ನಡುವೆ ದಪ್ಪ ಕಾಗದ ಹಾಕಿದರೆ ಸಾಕೆಂದು ನಂಬಿದರು. ತೇಲುವ ಹಡಗಿನ ಮೈ ಸದಾ ಅಲುಗುತ್ತಿರುತ್ತದೆ. ಕಾಗದ ಎಷ್ಟು ದಿನ ತಾಳೀತು? 1782ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕ ಸೆಂಟಾರ್ ನೌಕೆ ಕಂಬಗಳನ್ನೂ ಚುಕ್ಕಾಣಿಯನ್ನೂ ಕಳೆದುಕೊಂಡು ಮುಳುಗಿತು. ನೂರಾರು ಮಂದಿಯಿದ್ದ ಆ ಹಡಗಿನಿಂದ ಕ್ಯಾಪ್ಟನ್ ಸೇರಿ ಹನ್ನೆರಡು ಮಂದಿ ಮಾತ್ರ ಚಿಕ್ಕ ದೋಣಿಯೊಂದರಲ್ಲಿ ಹೊರಬಿದ್ದರು. ಆ ಬಿರುಗಾಳಿಯ ಎಲ್ಲ ನಷ್ಟಕ್ಕೂ ತುಕ್ಕೇ ಕಾರಣವೆಂದು ನಾವು ಹೇಳಲಾರೆವು. ಆದರೆ ಸವೆದ ಬೋಲ್ಟುಗಳ ಮೇಲಿನ ಅನುಮಾನ ಆ ವರ್ಷಗಳಲ್ಲಿ ಬಲವಾಯಿತು. 1780ರ ದಶಕದಲ್ಲಿ ಹದಮಾಡಿದ ತಾಮ್ರದ ಬೋಲ್ಟುಗಳೂ, ಚುಕ್ಕಾಣಿಗೆ ಮಿಶ್ರಲೋಹದ ಗೂಟ ಬಳೆಗಳೂ ಬಂದವು. ಹಳೆಯ ಕಬ್ಬಿಣವನ್ನು ಒಂದೊಂದಾಗಿ ಹೊಡೆದು ಹೊರತೆಗೆಯುವ ದೊಡ್ಡ ಕೆಲಸ ಆಗ ಮೊದಲಾಯಿತು.

ಆ ಕೆಲಸ ಸುಲಭದ್ದಲ್ಲ. ಚುಕ್ಕಾಣಿಯನ್ನು ಕಳಚಬೇಕಾದರೆ ಅದು ಮೇಲೇಳದಂತೆ ತಡೆಯುವ ಮರದ ಬೆಣೆಯನ್ನು ಮೊದಲು ತೆಗೆದು, ಇಡೀ ಭಾರವನ್ನು ನೇರವಾಗಿ ಮೇಲೆತ್ತಿ ಬಳೆಗಳಿಂದ ಬಿಡಿಸಬೇಕು. ತುಕ್ಕು ಉಬ್ಬಿ ಗೂಟವನ್ನು ಬಳೆಯೊಳಗೆ ಬಿಗಿದಿದ್ದರೆ ಅದು ಕದಲದು. ಬೋಲ್ಟಿನ ಮೋಸ ಇನ್ನೊಂದು ಬಗೆಯದು: ಎರಡು ತುದಿಗಳು ಗಟ್ಟಿಯಾಗಿ ಕಾಣುತ್ತವೆ, ಮರದೊಳಗೆ ಅಡಗಿದ ನಡುಭಾಗ ಕಡ್ಡಿಯಷ್ಟು ಸಣ್ಣಗಾಗಿರುತ್ತದೆ. ಹೊರಗಿನಿಂದ ನೋಡಿ ಕ್ಷೇಮವೆಂದವರು ಎಷ್ಟು ಮಂದಿಯೋ!

ಈ ಕಥೆಯ ಮುಂದಿನ ಅಧ್ಯಾಯದಲ್ಲಿ ನಮ್ಮ ಕರಾವಳಿಯೂ ಬರುತ್ತದೆ. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ, ತಾಮ್ರದ ಸವೆತವನ್ನೇ ತಡೆಯುವುದಕ್ಕಾಗಿ, ಅದಕ್ಕೆ ಕಬ್ಬಿಣದ ತುಂಡುಗಳನ್ನು ಬೇಕೆಂದೇ ಜೋಡಿಸಿದರು. ಕಬ್ಬಿಣ ತಾನು ಕರಗಿ ತಾಮ್ರವನ್ನು ಉಳಿಸಲಿ ಎಂಬುದು ಅವರ ಉಪಾಯ. ಪ್ರಯೋಗಕ್ಕೆ ಒದಗಿದ ಹಡಗುಗಳಲ್ಲಿ ಸಮರಾಂಗ್ ಒಂದು. ಅದು ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿದ್ದು, 1822ರಲ್ಲಿ ನೀರಿಗಿಳಿದದ್ದು. ತಾಮ್ರವೇನೋ ಉಳಿಯಿತು. ಆದರೆ ಕರಗದ ತಾಮ್ರಕ್ಕೆ ವಿಷವಿಲ್ಲ. ಹೀಗೆ ಕಾಪಾಡಿದ ಹಡಗುಗಳ ತಳಕ್ಕೆ ಪಾಚಿಯೂ ಚಿಪ್ಪುಜೀವಿಗಳೂ ಮುತ್ತಿದವು. ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು. ಡೇವಿ ಅವರ ತತ್ತ್ವ ಮಾತ್ರ ಸೋಲಲಿಲ್ಲ. ಇಂದು ಉಕ್ಕಿನ ಹಡಗುಗಳಿಗೂ ದೋಣಿಗಳಿಗೂ ಕಟ್ಟುವ ಸತುವಿನ ತುಂಡು, ತಾನು ಕರಗಿ ಉಳಿದದ್ದನ್ನು ಕಾಯುವುದು ಅದೇ ತತ್ತ್ವದಿಂದ.

ಹಳೆಯ ಹಾಯಿದೋಣಿಯ ಚುಕ್ಕಾಣಿಯನ್ನು ಇಂದು ಬಿಚ್ಚಲು ಕುಳಿತವರೂ ಅಲಾರ್ಮ್ ನೌಕೆಯ ಸಮಸ್ಯೆಯನ್ನೇ ಎದುರಿಸುತ್ತಾರೆ. ಲೋಹಗಳು ಮಾತ್ರ ಬದಲಾಗಿವೆ. ಅಲ್ಯೂಮಿನಿಯಮ್ ಭಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಕೂತಿರುತ್ತದೆ; ಈ ಬಾರಿ ಕರಗುವುದು ಅಲ್ಯೂಮಿನಿಯಮ್. ಅದರ ಬಿಳಿಯ ಪುಡಿ ಎಳೆಗಳ ನಡುವೆ ಉಬ್ಬಿ ಬೋಲ್ಟನ್ನು ಹಿಡಿದುಬಿಡುತ್ತದೆ. ಬಲ ಹಾಕಿದರೆ ತಲೆ ಮುರಿಯುತ್ತದೆ. ಎಣ್ಣೆ ಇಳಿಯಬಿಟ್ಟು, ಹದವಾಗಿ ಕಾಯಿಸಿ, ಮೆಲ್ಲನೆ ತಟ್ಟಿ, ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ತಿರುಗಿಸುತ್ತ ಬಿಡಿಸಬೇಕು. ಕೊನೆಗೂ ಬಾರದಿದ್ದರೆ ಕೊರೆದು ತೆಗೆಯಬೇಕು. ಮರಳಿ ಜೋಡಿಸುವಾಗ ನಡುವೆ ನೈಲಾನ್ ತೋಳನ್ನೋ ವಾಷರನ್ನೋ ಇಟ್ಟು, ಎಳೆಗಳಿಗೆ ರಕ್ಷಕ ಲೇಪ ಸವರುತ್ತಾರೆ. ಅದು ಆ ಕಂದು ಕಾಗದದ ಇಂದಿನ ರೂಪ.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಕಡಲಯುದ್ಧಗಳಿಗೆ ಸೇನಾಪತಿಗಳ ಹೆಸರಿದೆ. ಅಲಾರ್ಮ್ ನೌಕೆಯ ತಳದಲ್ಲಿ ಕಾಗದವನ್ನು ಕೀಳದೆ ಬಿಟ್ಟ ಕೆಲಸಗಾರನ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಎರಡು ವರ್ಷಗಳ ನಂತರ ಆ ಚೂರುಗಳನ್ನು ಕಸವೆಂದು ಎಸೆಯದೆ, ಇಲ್ಲೇಕೆ ಮೊಳೆ ಉಳಿಯಿತೆಂದು ಯಾರೋ ಬಾಗಿ ನೋಡಿದರು. ಅವರು ಬರೆದದ್ದನ್ನು ಪೂರ್ತಿ ಓದಿದ್ದರೆ ಎಷ್ಟೋ ಹಡಗುಗಳು ಇಪ್ಪತ್ತು ವರ್ಷ ಮೊದಲೇ ಭದ್ರವಾಗುತ್ತಿದ್ದವು.